ಮಿಸ್ರಿ ತಿಕ್ಕುವವಳ ತಕರಾರು

ಬೀದರ ಬಸ್ ನಿಲ್ದಾಣದಲ್ಲಿ ಭಾಲ್ಕಿ ಬಸ್ಸಿಗೆ ಕಾಯುತ್ತಿದ್ದ ಆಮ್ರಪಾಲಿಗೆ ಪಕ್ಕದ ಬೆಂಚಿನ ಗಂಡ-ಹೆಂಡತಿಯ ಮಾತು ಕಿವಿಗೆ ಬಿತ್ತು. ಇಬ್ಬರೂ ವಯಸ್ಸಾದವರು.

“ನಿಮ್ಮ ತಂಬಾಕು ಬಿಡಸ್ಲಾಕ ಕರಕೊಂಡು ಬಂದೆ. ಡಾಕ್ಟರ್ ನನಗ್ಯಾಕ ಬೈದರು?” ಎಂದಳು ಹೆಂಡತಿ.

“ನಿನ್ನ ಮಿಸ್ರಿ ಏನು ಮತ್ತ? ಅದೂ ಸುಟ್ಟ ತಂಬಾಕಿನ ಪುಡಿನೇ,” ಎಂದು ಗಂಡ ನಕ್ಕ.

“ನಾ ಏನು ತಿಂತೇನ್ರಿ? ಬರೇ ಹಲ್ಲು ತಿಕ್ಕತೇನಿ.”

“ಮುಂಜಾನಿ ತಿಕ್ಕತಿ, ಚಾ ಕುಡದು ತಿಕ್ಕತಿ, ಟಿವಿ ನೋಡ್ಕೋತ ತಿಕ್ಕತಿ. ಹಿಂಗ ತಿಕ್ಕಿದ್ರ ಹಿತ್ತಾಳಿ ಚೆಂಬೂ ಸವೀತದ.”

“ತಿಕ್ಕದಿದ್ರ ತಲಿ ಸಿಡೀತದ್ರಿ.”

“ನನಗೂ ಹಾಂಗೇ ಆಗ್ತದ. ಅದಕ್ಕೇ ಚಟ ಅಂತಾರಂತ. ಬಿಟ್ಟ ಮ್ಯಾಲ ಮೊದಲ ಕೆಲವು ದಿನ ಭಾಳ ಕಾಡ್ತದಂತ, ಆಮ್ಯಾಲ ಕಮ್ಮಿ ಆಗ್ತದಂತ.”

“ಇಬ್ಬರಿಗೂ ತಲಿನೋವು ಬಂದ್ರ ಅಡಗಿ ಯಾರು ಮಾಡವ್ರು?”

“ಜಗಳ ಬಿಡಿಸವ್ರು ಯಾರು, ಅದು ಕೇಳು.”

ಅಷ್ಟರಲ್ಲಿ ಅವರು ಹತ್ತಬೇಕಿದ್ದ ಠಾಣಾ ಕುಶನೂರ ಬಸ್ಸು ಬಂತು. ಹೆಂಡತಿ ಎದ್ದವಳೇ ಸೊಂಟದಲ್ಲಿ ಸಿಕ್ಕಿಸಿದ್ದ ಮಿಸ್ರಿ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದು, ಗಂಡನ ಮುಂದೆ ಕೈ ಚಾಚಿದಳು. ಅವನು ಕಿಸೆಯ ತಂಬಾಕಿನ ಚೀಲ ಕೊಟ್ಟ. ಅದೂ ಬುಟ್ಟಿ ಸೇರಿತು. ಕೈ ಮಾತ್ರ ಚಾಚಿಯೇ ಇತ್ತು.

“ಇನ್ನೇನದ? ಬಸ್ ಹೋಗ್ತದ, ನಡಿ.”

“ಹೋಗಲಿ ಬಿಡ್ರಿ. ಟೊಪಗಿ ತೆಗೀರಿ.”

ಆಮ್ರಪಾಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟೊಪ್ಪಿಗೆಯೊಳಗಿಂದ ಇನ್ನೊಂದು ಪೊಟ್ಟಣ ಹೊರಬಂತು. ಇಬ್ಬರೂ ನಗುತ್ತಲೇ ಬಸ್ಸು ಹತ್ತಿದರು.