ಪಕ್ಕದ ಮನೆ ಮಾರಾಟವಾದ ಬಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ನಡುವಿನ ಮೆತ್ತನೆ ಕುರ್ಚಿಯಲ್ಲಿ ಮುಜುಗರಪಡುತ್ತ ಕುಳಿತಿರುವ ನಮ್ಮ ಡ್ರಾಯಿಂಗ್ ಮೇಷ್ಟ್ರೇ, ನಮ್ಮ ಬೀದಿಯ ನಿವಾಸಿಗಳ ಸಂಘದ ಸದಸ್ಯರೇ, ಸಭಿಕರೇ,

ಊರು ಬಿಡುತ್ತಿರುವ ಮೇಷ್ಟ್ರ ಬಗ್ಗೆ ಎರಡು ಒಳ್ಳೆಯ ಮಾತು ಆಡಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದ್ದಾರೆ. ಪಕ್ಕದ ಮನೆಯವನಲ್ಲದೆ ಇನ್ಯಾರು ಆಡಬೇಕು? ನಮ್ಮಿಬ್ಬರದು ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆ. ಅವರು ಆ ಕಡೆ ಸೀನಿದರೆ ನನ್ನ ಹೆಂಡತಿ ಈ ಕಡೆಯಿಂದ "ಬಿಸಿನೀರು ಕುಡೀರಿ" ಅನ್ನುತ್ತಿದ್ದಳು. ನಾನು ಬಡಗಿ, ಎರಡೂ ಮನೆಯ ಮರದ ಮೆಟ್ಟಿಲು ಮಾಡಿದವನು ನಾನೇ. ಅವರದು ಸಾಧಾರಣ ಮರ, ನನ್ನದು ತೇಗ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ.

ಮನೆ ಮಾರಾಟಕ್ಕಿದೆ ಎಂದು ಮೊದಲು ಬೋರ್ಡು ಹಾಕಿದವರು ನಾವು. ಮಗಳು ದೂರದ ಊರಿನಲ್ಲಿದ್ದಾಳೆ, ಮೊಮ್ಮಗಳಿಗೆ ಈಗಷ್ಟೇ ಮಾತು ಬರುತ್ತಿದೆ. ಇದನ್ನು ಮಾರಿ ಅಲ್ಲೇ ನೆಲೆಸೋಣ ಎಂದುಕೊಂಡೆವು. ಕೊಳ್ಳುವವರು ಬಂದರು. ಈ ಬೀದಿಯಲ್ಲಿ ಕಪ್ಪು ಜನ ಎಂದರೆ ನಾನು, ನನ್ನ ಹೆಂಡತಿ ಇಬ್ಬರೇ ಎಂಬುದು ನಿಮಗೆಲ್ಲ ಗೊತ್ತು, ಬಂದವರಿಗೆ ಗೊತ್ತಿರಲಿಲ್ಲ. ಒಬ್ಬಾಕೆ ಅಡುಗೆಮನೆಯನ್ನು ಮೆಚ್ಚಿಕೊಂಡು ನನ್ನ ಹೆಂಡತಿಯನ್ನೇ ಕೇಳಿದರು, "ಮನೆ ಯಜಮಾನರು ಎಷ್ಟೊತ್ತಿಗೆ ಬರ್ತಾರೆ?"

"ಬಂದಾಗಿದೆಯಲ್ಲ, ನಾವೇ" ಎಂದಳು ಇವಳು.

ಆಕೆಗೆ ತಕ್ಷಣ ಅಡುಗೆಮನೆ ಕತ್ತಲೆ ಅನ್ನಿಸಿತು. ನಡುಮಧ್ಯಾಹ್ನ, ಸಭಿಕರೇ. ಇನ್ನೊಬ್ಬರಿಗೆ ಗೋಡೆಯಿಂದ ಏನೋ ವಾಸನೆ ಬಂತು. ಮತ್ತೊಬ್ಬರು ಗೇಟಿನಲ್ಲೇ ನಮ್ಮ ಮುಖ ನೋಡಿ, ವಿಳಾಸ ತಪ್ಪಾಯಿತೆಂದು ಹೊರಟರು. ವರ್ಷ ಕಳೆಯಿತು.

ಆಮೇಲೆ ಮೇಷ್ಟ್ರೂ ಬೋರ್ಡು ಹಾಕಿದರು. ಒಂದು ಭಾನುವಾರ ಬಂದು ಎರಡು ಸಿನಿಮಾ ಟಿಕೆಟ್ ಕೊಟ್ಟರು. "ಇಬ್ರೂ ಹೋಗ್ಬನ್ನಿ. ಪಾಪ, ಯಾವಾಗ್ಲೂ ಮನೇಲೇ ಇರ್ತೀರಿ." ಹೋದೆವು, ಹೊಟ್ಟೆ ತುಂಬ ನಕ್ಕೆವು, ಬಂದೆವು. ಅಷ್ಟರಲ್ಲಿ ಅವರ ಮನೆ ಮಾರಾಟವಾಗಿತ್ತು. ಕೊಂಡವರು ಮೆಟ್ಟಿಲನ್ನು ಬಹಳ ಹೊಗಳಿದರಂತೆ.

ಮೇಷ್ಟ್ರು ಗುಟ್ಟು ಇಟ್ಟುಕೊಳ್ಳಲಾರದ ಮನುಷ್ಯ. ಮರುದಿನ ಕಾಂಪೌಂಡಿನ ಬಳಿ ನಿಂತು ಹೇಳಿದರು, "ದಳ್ಳಾಳಿ ಹೇಳ್ದ, ನೀವು ಕಣ್ಣಿಗೆ ಬಿದ್ರೆ ಕೊಳ್ಳೋರು ಹಿಂದೆ ಸರೀತಾರೆ ಅಂತ. ನಾನೇನ್ ಮಾಡ್ಲಿ ಹೇಳಿ."

"ಸಿನಿಮಾ ಚೆನ್ನಾಗಿತ್ತು ಮೇಷ್ಟ್ರೇ" ಎಂದು ನನ್ನ ಹೆಂಡತಿ ಒಳಗೆ ಹೋದಳು. ಆ ದಿನ ಅವಳು ಊಟ ಮಾಡಲಿಲ್ಲ.

ನನಗೆ ಸಿಟ್ಟಿದೆಯೇ? ಇದೆ. ಆದರೆ ಸಿಟ್ಟಿಗಿಂತ ಹೊಟ್ಟೆಕಿಚ್ಚು ದೊಡ್ಡದು. ಆಗಲೇ ಮೆಟ್ಟಿಲಿನ ಮಾತು ಬಂದಾಗ ಇಲ್ಲ ಎಂದಿದ್ದೆ, ಇದೆ. ಅವರಿಗೆ ಬಂದ ಬೆಲೆಗಲ್ಲ. ಹೊರಡಬೇಕು ಅಂದುಕೊಂಡರು, ಹೊರಟರು, ಅದಕ್ಕೆ. ಹೋಗುತ್ತಿರುವುದಾದರೂ ಎಲ್ಲಿಗೆ? ನನ್ನ ಮಗಳ ಊರಿಗೆ, ಅವಳ ಮನೆಯ ಹಿಂದಿನ ಬೀದಿಗೆ. ಆ ಊರಿನ ಗಾಳಿ ಒಳ್ಳೆಯದೆಂದು ಅವರಿಗೆ ಹೇಳಿದವನು ನಾನೇ.

ಅವರ ಕಣ್ಣೆದುರೇ ಬೆಳೆದ ಮಗಳು ಫೋನಿನಲ್ಲಿ ಹಿಗ್ಗಿಹೋದಳು. "ಒಳ್ಳೇದಾಯ್ತಪ್ಪ, ಹತ್ತಿರದಲ್ಲಿ ಒಬ್ಬರು ಹಿರಿಯರು ಇದ್ದಂಗಾಯ್ತು." ಟಿಕೆಟ್ಟಿನ ವಿಷಯ ಅವಳಿಗೆ ಹೇಳಿಲ್ಲ. ಹೂಂ ಅಂದೆ. ನಾವು ವರ್ಷಕ್ಕೊಮ್ಮೆ ಎತ್ತಿಕೊಳ್ಳುವ ಮಗುವನ್ನು ಇವರು ದಿನವೂ ಎತ್ತಿಕೊಳ್ಳುತ್ತಾರೆ.

ಮೇಷ್ಟ್ರೇ, ನಿಮ್ಮ ಕೈಯಲ್ಲಿ ಕಲೆಯಿದೆ. ಮಗುವಿಗೆ ಚಿತ್ರ ಬರೆಯುವುದನ್ನು ಕಲಿಸಿ. ಬೀದಿ ದಾಟುವಾಗ ಕೈ ಹಿಡಿದುಕೊಳ್ಳಿ. ಆದರೆ ಅವಳು ಮರೆತು ನಿಮ್ಮನ್ನು ತಾತ ಎಂದು ಕರೆದರೆ, ದಯವಿಟ್ಟು ಓಗೊಡಬೇಡಿ.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.