ಮೂರನೇ ಚಕ್ರದ ಗೀರು

ನಾನು ಮೂವತ್ತೊಂದು ವರ್ಷ ವಯಸ್ಸಿನ ಹೆಂಗಸು. ಉದ್ಯೋಗ, ಸ್ಟೀಲ್ ಪಾತ್ರೆ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ. ವಾಸ, ಕಾರ್ಖಾನೆಯ ಹಿಂಬದಿ ರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ. ಜೊತೆಯಲ್ಲಿ ತಾಯಿ ಮತ್ತು ತೀರಿಹೋದ ಅಣ್ಣನ ಹೆಂಡತಿ ಇದ್ದಾರೆ. ಈ ದಿನ ಠಾಣೆಗೆ ಕರೆಸಿ ಕೇಳಿದ್ದಕ್ಕೆ ನಾನು ಹೇಳಿ ಬರೆಸುತ್ತಿರುವುದೇನೆಂದರೆ:

ಹದಿನಾಲ್ಕನೇ ತಾರೀಖು ಕಾರ್ಖಾನೆಯಲ್ಲಿ ಗಾಯಗೊಂಡವರು ಇದೇ ನನ್ನ ಅತ್ತಿಗೆ. ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿ ನಾಲ್ಕು ಚಕ್ರಗಳಿದ್ದು, ಮೂರನೆಯದರಲ್ಲಿ ಅವರು ಆರು ವರ್ಷದಿಂದ ಕೆಲಸ ಮಾಡುತ್ತಿದ್ದರು. ಬಟ್ಟೆಯ ಚಕ್ರ ಮೋಟಾರಿನಿಂದ ತಿರುಗುತ್ತದೆ. ಪಾತ್ರೆಯ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಅದಕ್ಕೆ ಒತ್ತಬೇಕು. ಮುಖ ಕಾಣುವ ಹಾಗೆ ಹೊಳೆದ ಮೇಲೆ ಪಕ್ಕಕ್ಕೆ ಇಡಬೇಕು. ಆ ಮುಚ್ಚಳಗಳನ್ನು ದೀಪದ ಕೆಳಗೆ ಹಿಡಿದು ನೋಡುವುದು ನನ್ನ ಕೆಲಸ.

ಕಳೆದ ತಿಂಗಳು, ಮುಚ್ಚಳಗಳ ಒಳಮೈಯಲ್ಲಿ ಗೀರುಗಳಿವೆ ಎಂದು ಒಂದು ಲಾರಿ ಮಾಲು ವಾಪಸ್ ಬಂತು. ಮ್ಯಾನೇಜರ್ ನನ್ನನ್ನು ಕರೆದು, ಕಾರಣ ಹುಡುಕಬೇಕು, ಇನ್ನೊಂದು ಲಾರಿ ವಾಪಸ್ ಬಂದರೆ ಪಾಲಿಶ್ ವಿಭಾಗವನ್ನೇ ಮುಚ್ಚಿ ಕೆಲಸವನ್ನು ಹೊರಗೆ ಕೊಡುವುದಾಗಿ ಹೇಳಿದರು. ವಿಭಾಗದಲ್ಲಿ ಹನ್ನೊಂದು ಜನ ಇದ್ದಾರೆ.

ಮೊದಲ ವಾರ ಯಾವ ದೋಷ ಎಷ್ಟು ಎಂದು ಗೆರೆ ಹಾಕುತ್ತಾ ಹೋದೆ. ತಗ್ಗು, ಕಲೆ, ಸೊಟ್ಟ ಹಿಡಿ, ಗೀರು. ಕಂಬಗಳ ಚಿತ್ರ ಬರೆದಾಗ ಗೀರಿನ ಕಂಬವೇ ಉಳಿದೆಲ್ಲಕ್ಕಿಂತ ಎತ್ತರವಾಯಿತು. ಆಮೇಲೆ ವಿಭಾಗದವರನ್ನೆಲ್ಲ ಸೇರಿಸಿ ಬೋರ್ಡಿನ ಮೇಲೆ ಮೀನಿನ ಮೂಳೆಯ ಚಿತ್ರ ಹಾಕಿದೆ. ತಲೆಯ ಕಡೆ ತೊಂದರೆಯನ್ನೂ, ಒಂದೊಂದು ಮೂಳೆಗೆ ಒಂದೊಂದು ಬಗೆಯ ಕಾರಣವನ್ನೂ ಬರೆಯುತ್ತಾರೆ: ಯಂತ್ರ, ಮಾಲು, ವಿಧಾನ, ಮನುಷ್ಯರು. ಪಾಲಿಶ್ ಮೇಸ್ತ್ರಿ, ಈ ಮೀನಲ್ಲಿ ಮೂಳೆ ಬಿಟ್ಟರೆ ತಿನ್ನೋಕೇನೂ ಇಲ್ಲವಲ್ಲ ಎಂದರು. ಎಲ್ಲರೂ ನಕ್ಕರು. ಯಂತ್ರದ ಮೂಳೆ, ಮಾಲಿನ ಮೂಳೆ ತುಂಬಿಹೋದವು. ಮನುಷ್ಯರ ಮೂಳೆಗೆ ಯಾರೂ ಏನೂ ಹೇಳಲಿಲ್ಲ. ಪಾಲಿಶ್ ಹಚ್ಚುವ ಸೋಪಿನಲ್ಲಿ ಮರಳು ಇರಬಹುದು ಎಂದು ಹೇಳಿದವರು ಅತ್ತಿಗೆ.

ಸೋಪು ಬದಲಾಯಿಸಿದೆವು. ಚಕ್ರದ ಬಟ್ಟೆ ಬದಲಾಯಿಸಿದೆವು. ಗೀರು ಹೋಗಲಿಲ್ಲ. ನಾಲ್ಕು ಚಕ್ರದ ಮಾಲನ್ನು ನಾಲ್ಕು ಗುಡ್ಡೆ ಮಾಡಿ ನೋಡಿದಾಗ, ಹೆಚ್ಚುಕಡಿಮೆ ಎಲ್ಲ ಗೀರೂ ಮೂರನೇ ಗುಡ್ಡೆಯಲ್ಲಿತ್ತು.

ನಂತರ ಒಂದು ಹಾಳೆಯಲ್ಲಿ ಮುಚ್ಚಳದ ಆಕಾರ ಬರೆದುಕೊಂಡು, ಗೀರು ಇದ್ದ ಜಾಗದಲ್ಲೆಲ್ಲ ಚುಕ್ಕೆ ಇಟ್ಟೆ. ಅಂಚಿನಲ್ಲಿರುವ ಕಂಪನಿಯ ಮುದ್ರೆ ಸವೆಯಬಾರದೆಂದು ಎಲ್ಲರೂ ಅದನ್ನು ಮೇಲಕ್ಕೆ ಮಾಡಿಯೇ ಹಿಡಿಯುವುದರಿಂದ ಮುಚ್ಚಳಕ್ಕೆ ಎಡ ಬಲ ಗೊತ್ತಾಗುತ್ತದೆ. ಎರಡು ದಿನದಲ್ಲಿ ಚುಕ್ಕೆಗಳೆಲ್ಲ ಎಡಗಡೆ ಒಂದೇ ಕಡೆ ಗುಂಪಾದವು. ನಾನು ಒಂದು ಮುಚ್ಚಳ ಎತ್ತಿಕೊಂಡು ಅತ್ತಿಗೆ ಹಿಡಿಯುವ ಹಾಗೆ ಹಿಡಿದು ನೋಡಿದೆ. ನನ್ನ ಎಡಗೈಯ ನಡುಬೆರಳು ಆ ಜಾಗಕ್ಕೆ ಹೋಗಿ ಕೂತಿತು.

ಅಣ್ಣ ನಾಲ್ಕು ತಿಂಗಳ ಹಿಂದೆ ಕಾಯಿಲೆಯಿಂದ ತೀರಿಕೊಂಡರು. ಅವರು ಹಾಕುತ್ತಿದ್ದ ಸ್ಟೀಲ್ ಉಂಗುರವನ್ನು ಅತ್ತಿಗೆ ಅಂದಿನಿಂದ ಎಡಗೈಯ ನಡುಬೆರಳಿಗೆ ಹಾಕಿಕೊಂಡಿದ್ದರು. ದೊಡ್ಡದಾಗುತ್ತಿತ್ತು ಎಂದು ದಾರ ಸುತ್ತಿದ್ದರು. ಆದರೂ ಅದು ತಿರುಗಿ, ಅದರ ಚೌಕ ಮುಖ ಅಂಗೈ ಕಡೆಗೆ ಬರುತ್ತಿತ್ತು.

ಆ ಸಂಜೆ ಮನೆಯಲ್ಲಿ ಅತ್ತಿಗೆಯ ಮುಂದೆ ಚುಕ್ಕೆಯ ಹಾಳೆ ಇಟ್ಟೆ. ಅವರು ಬಟ್ಟೆ ಮಡಿಸುತ್ತಿದ್ದರು. ಅವರೇ ಹಾಳೆಯ ಮೇಲೆ ಕೈ ಇಟ್ಟು ನೋಡಿದರು.

"ನಂದೇನಾ?" ಎಂದು ಕೇಳಿದರು.

ಹೌದು ಎಂದೆ. ಕೆಲಸದ ಹೊತ್ತಿನಲ್ಲಿ ತೆಗೆದಿಡಿ ಎಂದೆ.

"ತೆಗೆದ್ರೆ ಬೆರಳು ಬೋಳಾಗತ್ತೆ ಕಣೇ. ನಂಗೆ ಅದನ್ನ ನೋಡಕ್ಕಾಗಲ್ಲ" ಎಂದರು.

ಒಳಗಿನಿಂದ ನನ್ನ ತಾಯಿ, ಬಿಡೇ ಅವಳನ್ನ, ಒಂದು ಗೀರಿಗೆ ಲೋಕ ಮುಳುಗಿಹೋಗಲ್ಲ ಎಂದರು. ಅತ್ತಿಗೆ ಹಾಳೆಯನ್ನು ನನಗೆ ವಾಪಸ್ ಕೊಟ್ಟು ಉಳಿದ ಬಟ್ಟೆ ಮಡಿಸಿದರು.

ಮರುದಿನ, ಅಂದರೆ ಹದಿಮೂರನೇ ತಾರೀಖು ಬೆಳಗ್ಗೆ, ಮ್ಯಾನೇಜರ್ ಕೋಣೆಯಲ್ಲಿ ಮೇಸ್ತ್ರಿಯ ಎದುರು ವಿಷಯ ತಿಳಿಸಿದೆ. ಅತ್ತಿಗೆಯನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಬಹುದೇ ಎಂದು ಕೇಳಿದೆ. ಇನ್ನೆರಡು ದಿನದಲ್ಲಿ ಮುಂದಿನ ಲಾರಿ ಲೋಡ್ ಹೋಗಬೇಕು, ಅದು ಹೋಗುವ ತನಕ ಯಾರನ್ನೂ ಅಲುಗಾಡಿಸುವ ಹಾಗಿಲ್ಲ ಎಂದು ಮ್ಯಾನೇಜರ್ ಹೇಳಿದರು. ಸ್ವಲ್ಪ ಯೋಚಿಸಿ, "ಕೈಗೆ ಗ್ಲೌಸ್ ಹಾಕಿಸಮ್ಮ. ಉಂಗುರಾನೂ ಇರ್ಲಿ, ಗೀರೂ ಬೀಳಲ್ಲ" ಎಂದರು.

ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ. "ಸಾರ್, ತಿರುಗೋ ಚಕ್ರದ ಹತ್ರ ಗ್ಲೌಸ್ ಹಾಕ್ಬಾರ್ದು. ಒಂದೆಳೆ ಸಿಕ್ಕಿದ್ರೆ ಕೈನೇ ಎಳ್ಕೊಳ್ಳತ್ತೆ."

"ಎರಡು ದಿನ ಕಣಯ್ಯ. ಎರಡು ದಿನಕ್ಕೆ ಏನಾಗಿಹೋಗತ್ತೆ?"

ಅತ್ತಿಗೆ ಉಂಗುರ ತೆಗೆಯಬೇಕಾಗಿಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು.

ಸ್ಟೋರಿನಲ್ಲಿ ಗಂಡಸರ ಅಳತೆಯ ನೂಲಿನ ಗ್ಲೌಸ್ ಮಾತ್ರ ಇದ್ದವು. ಒಂದು ಜೊತೆ ತಂದು ಎಡಗೈಯದನ್ನು ನಾನೇ ಅತ್ತಿಗೆಗೆ ಹಾಕಿದೆ. ಬೆರಳ ತುದಿಗಳಲ್ಲಿ ಜೋಲುತ್ತಿತ್ತು. ಕಳಚಿ ಬೀಳಬಾರದೆಂದು ಮಣಿಕಟ್ಟಿಗೆ ಎರಡು ರಬ್ಬರ್ ಬ್ಯಾಂಡ್ ಹಾಕಿದೆ. ಅತ್ತಿಗೆ ಕೈ ತಿರುಗಿಸಿ ನೋಡಿಕೊಂಡು, "ನೋಡೇ, ದೊಡ್ಡ ಆಫೀಸರ್ ಥರ ಆಗ್ಹೋದೆ" ಎಂದು ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆ ದಿನ ಮೂರನೇ ಚಕ್ರದ ಮಾಲಿನಲ್ಲಿ ಒಂದೂ ಗೀರು ಬರಲಿಲ್ಲ. ಸಂಜೆ ಮ್ಯಾನೇಜರ್ ಎಲ್ಲರಿಗೂ ಚಹಾ ತರಿಸಿದರು. ಮೇಸ್ತ್ರಿ ಲೋಟ ತೆಗೆದುಕೊಂಡು ಹಾಗೇ ಕಿಟಕಿಯ ಮೇಲಿಟ್ಟರು.

ಹದಿನಾಲ್ಕರಂದು ಬೆಳಗ್ಗೆಯೂ ಗ್ಲೌಸನ್ನು ನಾನೇ ಹಾಕಿದೆ. ಹನ್ನೊಂದೂ ನಲವತ್ತರ ಸುಮಾರಿಗೆ ನಾನು ಸುಮಾರು ಹನ್ನೆರಡು ಅಡಿ ದೂರದಲ್ಲಿ, ದೀಪದ ಮೇಜಿನ ಬಳಿ ನಿಂತಿದ್ದೆ. ಚಕ್ರದ ಸದ್ದು ದಪ್ಪವಾಯಿತು. ತಲೆ ಎತ್ತಿದಾಗ ಅತ್ತಿಗೆ ಚಕ್ರದ ಕಡೆಗೆ ಬಾಗಿದ್ದರು. ಏನೋ ಬಿದ್ದದ್ದನ್ನು ಎತ್ತಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅವರು ಕೂಗಲಿಲ್ಲ. ಕೂಗಿದವರು ಮೇಸ್ತ್ರಿ. ಸ್ವಿಚ್ ನಡುವಿನ ಕಂಬದಲ್ಲಿತ್ತು. ನಾನು ಓಡಿಹೋಗಿ ಆರಿಸಿದೆ. ಆರಿಸಿದರೂ ಚಕ್ರ ತಕ್ಷಣ ನಿಲ್ಲುವುದಿಲ್ಲ. ಮೇಸ್ತ್ರಿ ಕತ್ತರಿಯಿಂದ ನೂಲು ಕತ್ತರಿಸಿ ಕೈ ಬಿಡಿಸಿದರು. ನನ್ನ ಕೈಯಲ್ಲಿ ಒಂದು ಮುಚ್ಚಳ ಹಾಗೇ ಇತ್ತು. ವಾಪಸ್ ಹೋಗಿ ಅದನ್ನು ಸರಿಯಿದ್ದ ಮಾಲಿನ ಗುಡ್ಡೆಯ ಮೇಲೆ ಇಟ್ಟು ಬಂದದ್ದು ನೆನಪಿದೆ. ಯಾಕೆ ಎಂದು ಹೇಳಲಾರೆ.

ಕಾರ್ಖಾನೆಯ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಡಗೈಯ ಮೂರು ಬೆರಳು ಉಳಿಯಲಿಲ್ಲ ಎಂದು ಡಾಕ್ಟರ್ ತಿಳಿಸಿದರು. ನನ್ನ ತಾಯಿ ಬಂದು, ಅವಳು ಊಟ ಮಾಡಿದ್ದಳಾ ಎಂದು ಕೇಳಿದರು. ಇಲ್ಲ ಎಂದೆ.

ಅದೇ ಸಂಜೆ ಮ್ಯಾನೇಜರ್ ಆಸ್ಪತ್ರೆಯ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, ಚಿಕಿತ್ಸೆಯನ್ನೆಲ್ಲ ಕಂಪನಿ ನೋಡಿಕೊಳ್ಳುತ್ತದೆ, ಆದರೆ ಯಾರಾದರೂ ಕೇಳಿದರೆ ಆಕೆ ತಾನಾಗಿಯೇ ಗ್ಲೌಸ್ ಹಾಕಿಕೊಂಡಿದ್ದಳು ಎಂದು ಹೇಳಬೇಕು ಎಂದರು. ಚಕ್ರದ ಹತ್ತಿರ ಗ್ಲೌಸ್ ಹಾಕಬಾರದು ಎಂಬ ಬೋರ್ಡು ಗೋಡೆಯಲ್ಲಿ ಇದ್ದೇ ಇದೆ ಎಂದರು. "ವಿಭಾಗ ಮುಚ್ಚಿದ್ರೆ ಹನ್ನೊಂದು ಮನೆ ಬೀದಿಗೆ ಬೀಳತ್ತಮ್ಮ, ಯೋಚನೆ ಮಾಡು" ಎಂದರು. ಮೇಸ್ತ್ರಿಗೂ ಹೀಗೇ ಹೇಳಿರಬಹುದು. ಅವರು ತಮ್ಮ ಹೇಳಿಕೆಯಲ್ಲಿ ಏನು ಬರೆಸಿದ್ದಾರೋ ನನಗೆ ತಿಳಿಯದು.

ಈ ದಿನ ಬೆಳಗ್ಗೆ ಠಾಣೆಗೆ ಬರುವ ಮುಂಚೆ ಆಸ್ಪತ್ರೆಗೆ ಹೋಗಿದ್ದೆ. ಅತ್ತಿಗೆಗೆ ಎಚ್ಚರವಿತ್ತು. ಬ್ಯಾಂಡೇಜಿನ ಕೈ ದಿಂಬಿನ ಮೇಲಿತ್ತು. "ಗೀರು ನಿಂತ್ವಾ?" ಎಂದು ಕೇಳಿದರು. ನಿಂತಿವೆ, ಲೋಡ್ ಹೋಯಿತು ಎಂದೆ. "ಸದ್ಯ" ಎಂದು ಗೋಡೆಯ ಕಡೆ ತಿರುಗಿದರು.

ಮೇಲಿನದೆಲ್ಲ ನಾನು ಕಂಡದ್ದು, ಮಾಡಿದ್ದು. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಬರೆದುಕೊಂಡವರು ನನಗೆ ಓದಿ ಹೇಳಿದರು. 'ಗಾಯಾಳು ಧರಿಸಿಕೊಂಡಿದ್ದ ಗ್ಲೌಸ್' ಎಂದು ಬರೆದಿದ್ದ ಕಡೆ ಹೊಡೆದುಹಾಕಿಸಿ, 'ಮ್ಯಾನೇಜರ್ ಹೇಳಿದ ಮೇಲೆ ನಾನು ತೊಡಿಸಿದ ಗ್ಲೌಸ್' ಎಂದು ಬರೆಸಿದ್ದೇನೆ. ಆ ತಿದ್ದುಪಡಿಯ ಪಕ್ಕದಲ್ಲಿಯೂ ನನ್ನ ಸಹಿ ಇದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹದಿನೆಂಟು
(ಸಹಿ)