ಒಲೆಯಿಲ್ಲದ ಅಡುಗೆಮನೆ

ಲೈಸೆನ್ಸ್ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು. ಸೋಮವಾರದೊಳಗೆ ಹೋಟೆಲಿಗೆ ಪರವಾನಗಿ ಸಿಗದಿದ್ದರೆ ಕಟ್ಟಡದ ಮಾಲೀಕ ಮಳಿಗೆಯನ್ನು ಬೇರೆಯವರಿಗೆ ಕೊಡುತ್ತಾನೆಂಬುದು ಇಡೀ ಸಾಲಿಗೆ ತಿಳಿದುಹೋಗಿತ್ತು. ಅಕ್ಕನ ಪಿಸುಮಾತು ಅಂಥದ್ದು.

"ಇನ್‌ಸ್ಪೆಕ್ಟರು ಏನು ಬರೆದಿದ್ದಾರೆ, ಇನ್ನೊಂದ್ಸಲ ಓದೋ."

"ಅಡುಗೆಮನೆ ಇಲ್ಲ, ಅಂತ."

"ಮೂರು ದಿನ ಉಜ್ಜಿದ್ದೀನಿ ಕಣೋ ಅದನ್ನ!"

"ಉಜ್ಜಿದ್ದು ಸರಿ. ಒಲೆ, ಪಾತ್ರೆ ಎಲ್ಲಾ ಯಾಕೆ ಪಕ್ಕದ ಟೈಲರ್ ಅಂಗಡೀಲಿಟ್ಟೆ?"

"ದೊಡ್ಡ ಮನುಷ್ಯರು ಬರ್ತಾರೆ, ಸಾಮಾನು ಹರಡಿಕೊಂಡಿದ್ರೆ ಚೆನ್ನಾಗಿರುತ್ತಾ?"

"ಅವರೇನು ನಮ್ಮ ನೆಂಟರಾ, ಅಕ್ಕಾ?"

"ಬೈಯೋದಾದ್ರೆ ಬೈದುಬಿಡು. ನಿನ್ನ ಹೋಟೆಲು ನಾನೇ ಮುಚ್ಚಿಸಿದೆ."

"ತೆಗೆದೇ ಇಲ್ಲ, ಮುಚ್ಚೋದೆಲ್ಲಿಂದ ಬಂತು? ಕಣ್ಣೊರೆಸಿಕೋ, ನಮ್ಮ ಸರದಿ."

ಕಿಟಕಿಯೊಳಗಿನ ಗುಮಾಸ್ತರು ವರದಿ ಓದಿ, ಬಂದ ನಗುವನ್ನು ಕೆಮ್ಮಿನಲ್ಲಿ ಮುಗಿಸಿದರು.

"ಸಾಹೇಬರು ಇವತ್ತು ನಿಮ್ಮ ಬೀದೀಲೇ ಇದ್ದಾರಮ್ಮ. ಫೋನ್ ಮಾಡ್ತೀನಿ, ಅರ್ಧ ಗಂಟೇಲಿ ಇನ್ನೊಂದ್ಸಲ ನೋಡ್ತಾರೆ."

ಅಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

"ಒಲೆ ನೀನು ಹೊರು, ಪಾತ್ರೆ ನಾನು ತರ್ತೀನಿ!"

"ತಂದು ಹಾಗೇ ಇಡು ಅಕ್ಕಾ, ನಿನ್ನ ದಮ್ಮಯ್ಯ, ತೊಳೆಯೋಕೆ ಕೂತ್ಕೋಬೇಡ!"